ವೆಲ್ಲೂರಿನ ಐಡಾ ಸ್ಕಡರ್

ಬಳ್ಳಾರಿಯ ಗಾಂಧಿನಗರದಲ್ಲಾಗಲಿ, ಸಿರುಗುಪ್ಪ ಕುರುಗೋಡುಗಳ ಸುತ್ತಲಿನ ಹಳ್ಳಿಗಳಲ್ಲಾಗಲಿ ಗರ್ಭಿಣಿಯೊಬ್ಬಳು ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗುವುದು ಇಂದು ಯಾರ ಗಮನವನ್ನೂ ಸೆಳೆಯದ ಸಾಮಾನ್ಯ ಸಂಗತಿ. 2020ರಲ್ಲಿ ಕೊರೋನಾ ಹಬ್ಬಿ, ಬಸ್ಸುಗಳು ನಿಂತು, ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟವಾದಾಗ ಈ ಸಾಮಾನ್ಯ ಸಂಗತಿಯ ಬೆಲೆ ಜನರಿಗೆ ತಿಳಿಯಿತು. ಊರಿಗೆ ರೋಗ ಬಂದಿತೆಂದು ಹೆರಿಗೆ ಕಾದು ನಿಲ್ಲುವುದಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಹಳ್ಳಿಯ ಹೆಣ್ಣುಮಗಳಿಗೆ ಇಂಥ ಕೇಂದ್ರವೂ ಇರಲಿಲ್ಲ; ಅಲ್ಲಿ ಕುಳಿತು ಅವಳ ನಾಡಿ ಹಿಡಿದು ನೋಡುವ ವೈದ್ಯೆಯೂ ಇರಲಿಲ್ಲ. ಆಗ ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆಯಾಗಿತ್ತು. ಅದೇ ಆಧಿಪತ್ಯದ ವೆಲ್ಲೂರು ಪಟ್ಟಣದಲ್ಲಿ ಈ ಕೊರತೆಯನ್ನು ನೀಗಲು ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಡಾಕ್ಟರ್ ಐಡಾ ಸ್ಕಡರ್.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಅವರ ತಾತ ಜಾನ್ ಸ್ಕಡರ್ 1819ರಲ್ಲಿ ಅಮೆರಿಕವನ್ನು ಬಿಟ್ಟು ಸಿಂಹಳಕ್ಕೂ ಅನಂತರ ಮದರಾಸಿಗೂ ಬಂದ ವೈದ್ಯಮಿಷನರಿ. ತಂದೆಯೂ ವೈದ್ಯರೇ. ಐಡಾ ಇನ್ನೂ ಪುಟ್ಟ ಬಾಲೆಯಾಗಿದ್ದಾಗ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಕವಿಯಿತು. ಬಳ್ಳಾರಿ ಜಿಲ್ಲೆ ಆ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ಒಂದು. ಮನೆಯಂಗಳಕ್ಕೆ ಬಂದ ಎಲುಬುಗೂಡಿನಂಥ ಮಕ್ಕಳಿಗೆ ಕೈಯೆತ್ತಿ ತಿನ್ನುವ ತ್ರಾಣವೂ ಇಲ್ಲದಿದ್ದಾಗ, ರೊಟ್ಟಿಯನ್ನು ಮುರಿದು ಅವರ ಬಾಯಿಗಿಡುವ ಕೆಲಸ ಈ ಬಾಲೆಯ ಪಾಲಿಗೆ ಬಂದಿತ್ತು.

ಇಂಥ ನೆನಪುಳ್ಳ ಹುಡುಗಿ ಸೇವೆಯ ಹಾದಿಯನ್ನು ತಾನಾಗಿಯೇ ಹಿಡಿದಿರಬೇಕೆಂದು ನಾವು ಊಹಿಸುತ್ತೇವೆ. ನಡೆದದ್ದು ಹಾಗಲ್ಲ. ಅಮೆರಿಕದಲ್ಲಿ ಓದು ಮುಂದುವರಿಸಿದ ಐಡಾ ಅಲ್ಲಿನ ಸುಖಜೀವನವನ್ನು ಮೆಚ್ಚಿಕೊಂಡರು. ಭಾರತದ ಬಿಸಿಲು, ಧೂಳು, ಹಸಿವು, ರೋಗ ಇವು ಯಾವುವೂ ತಮಗೆ ಬೇಡವೆಂದು ನಿಶ್ಚಯಿಸಿದರು. ಮನೆತನದಲ್ಲಿ ಅಷ್ಟೊಂದು ಜನ ಮಿಷನರಿಗಳಿರುವಾಗ ತಾವೊಬ್ಬರು ಆಗದಿದ್ದರೆ ನಷ್ಟವಿಲ್ಲವೆಂಬುದು ಅವರ ಭಾವನೆಯಾಗಿತ್ತು. 1890ರಲ್ಲಿ ತಿಂಡಿವನದಲ್ಲಿದ್ದ ತಾಯಿಗೆ ಕಾಯಿಲೆಯೆಂದು ತಿಳಿದು ಹಡಗು ಹತ್ತಿ ಬಂದಾಗಲೂ, ತಾಯಿ ಚೇತರಿಸಿಕೊಂಡೊಡನೆ ಹಿಂದಿರುಗುವುದೇ ಅವರ ಉದ್ದೇಶವಾಗಿತ್ತು.

ತಿಂಡಿವನದ ಒಂದು ರಾತ್ರಿ ಆ ಉದ್ದೇಶವನ್ನು ಮುರಿಯಿತು. ಐಡಾ ದೀಪದ ಬೆಳಕಿನಲ್ಲಿ ಕುಳಿತಿದ್ದರು. ಬ್ರಾಹ್ಮಣ ಯುವಕನೊಬ್ಬ ಬಾಗಿಲಿಗೆ ಬಂದು, ತನ್ನ ಎಳೆಯ ವಯಸ್ಸಿನ ಹೆಂಡತಿ ಪ್ರಸವವೇದನೆಯಿಂದ ನರಳುತ್ತಿರುವಳೆಂದೂ ಸೂಲಗಿತ್ತಿ ಕೈಚೆಲ್ಲಿರುವಳೆಂದೂ ಹೇಳಿ, ಐಡಾ ಬಂದು ಅವಳನ್ನು ಉಳಿಸಬೇಕೆಂದು ಬೇಡಿಕೊಂಡನು. ತಮಗೆ ವೈದ್ಯವಿದ್ಯೆ ತಿಳಿಯದು, ವೈದ್ಯರಾದ ತಂದೆಯವರು ಒಳಗಿದ್ದಾರೆ, ಅವರನ್ನು ಕಳುಹಿಸುವೆನೆಂದು ಐಡಾ ನುಡಿದರು. ಯುವಕ ಹಿಂದೆ ಸರಿದನು. ಪರಪುರುಷನು ತನ್ನ ಹೆಂಡತಿಯ ಮುಖವನ್ನು ನೋಡುವುದು ಅವನ ಮನೆತನದ ಆಚಾರಕ್ಕೆ ಒಪ್ಪದ ಮಾತು. ಅವನು ತಲೆ ತಗ್ಗಿಸಿ ಕತ್ತಲೆಯಲ್ಲಿ ಮರೆಯಾದನು. ಸ್ವಲ್ಪ ಹೊತ್ತಿನಲ್ಲಿಯೇ ಒಬ್ಬ ಮುಸಲ್ಮಾನ ಗೃಹಸ್ಥ ಅದೇ ಬೇಡಿಕೆಯನ್ನು ಹೊತ್ತು ಬಂದನು; ಅದೇ ಉತ್ತರವನ್ನು ಕೇಳಿ ಅವನೂ ಹಿಂದಿರುಗಿದನು. ಬಳಿಕ ಮೂರನೆಯವನು ಬಂದನು. ಅವನು ಮೇಲುಜಾತಿಯ ಮತ್ತೊಬ್ಬ ಹಿಂದೂ. ಮೂರು ಮನೆಗಳ ಆಚಾರಗಳು ಬೇರೆ ಬೇರೆ. ಆದರೆ ಹೆಂಗಸಿನ ಪ್ರಾಣಕ್ಕಿಂತ ಮರ್ಯಾದೆ ಹೆಚ್ಚೆಂಬ ಮಾತಿನಲ್ಲಿ ಮೂವರೂ ಒಂದೇ ಆಗಿದ್ದರು.

ಆ ರಾತ್ರಿ ಐಡಾ ನಿದ್ರಿಸಲಿಲ್ಲ. ಬೆಳಗಾಗುತ್ತಲೇ ಬೀದಿಯಲ್ಲಿ ಚಟ್ಟದ ಮುಂದೆ ಬಡಿಯುವ ತಮಟೆಯ ಸದ್ದು ಕೇಳಿಸಿತು. ಸೇವಕನನ್ನು ಕಳುಹಿಸಿ ವಿಚಾರಿಸಲು, ಮೂವರು ಹೆಂಗಸರೂ ತೀರಿಕೊಂಡ ಸುದ್ದಿ ಬಂದಿತು. ಐಡಾ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕುಳಿತಿದ್ದು, ಅನಂತರ ತಂದೆತಾಯಿಗಳ ಬಳಿಗೆ ಬಂದು, ತಾವು ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಇಲ್ಲಿಯ ಹೆಂಗಸರಿಗಾಗಿ ಮರಳುವುದಾಗಿ ತಿಳಿಸಿದರು.

ಇಲ್ಲೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಅಜ್ಞಾನಿಗಳಾಗಿದ್ದರೆಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ. ನೂರಾರು ಸುಖಪ್ರಸವಗಳನ್ನು ಅವರು ಧೈರ್ಯದಿಂದ ಮಾಡಿಸಿದ್ದಾರೆ. ಆದರೆ ಮಗು ಹೊಟ್ಟೆಯಲ್ಲಿ ಅಡ್ಡಬಿದ್ದಾಗ, ರಕ್ತಸ್ರಾವ ನಿಲ್ಲದಾಗ, ಬಾಣಂತಿಗೆ ನಂಜೇರಿದಾಗ ಅವರ ಅನುಭವಕ್ಕೆ ಮಿತಿ ಎದುರಾಗುತ್ತಿತ್ತು. ಆ ಮಿತಿಯಿಂದಾಚೆಗೆ ಕೈಹಿಡಿಯಲು ಒಬ್ಬ ವೈದ್ಯೆ ಬೇಕಾಗಿತ್ತು.

ಐಡಾ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. ಕಾರ್ನೆಲ್ ವೈದ್ಯಕೀಯ ಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆದಾಗ ಅಲ್ಲಿಗೆ ವರ್ಗವಾಗಿ 1899ರಲ್ಲಿ ಪದವಿ ಪಡೆದರು. ಹೊರಡುವ ಮೊದಲು ವೆಲ್ಲೂರಿನಲ್ಲಿ ಸ್ತ್ರೀಯರ ಆಸ್ಪತ್ರೆಯೊಂದನ್ನು ಕಟ್ಟಲು ಹಣ ಕೂಡಿಸಬೇಕಾಗಿತ್ತು. ನ್ಯೂಯಾರ್ಕಿನ ಷೆಲ್ ಎಂಬ ವೃದ್ಧ ಸಾಹುಕಾರರು ತೀರಿಹೋದ ತಮ್ಮ ಪತ್ನಿಯ ನೆನಪಿಗಾಗಿ ಹತ್ತು ಸಾವಿರ ಡಾಲರುಗಳನ್ನು ಕೊಟ್ಟರು. 1900ರ ಆರಂಭದಲ್ಲಿ ಐಡಾ ಭಾರತಕ್ಕೆ ಬಂದಿಳಿದರು. ತಂದೆಯ ಬಳಿ ಕೆಲಕಾಲ ಪಳಗುವ ಆಸೆಯೇನೋ ಅವರಿಗಿತ್ತು. ಆದರೆ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮಿಷನ್ ಬಂಗಲೆಯ ಒಂದು ಪುಟ್ಟ ಕೋಣೆ, ಒಂದು ಹಾಸಿಗೆ, ಔಷಧಗಳ ಕೆಲವು ಸೀಸೆಗಳು. ಎರಡು ವರ್ಷಗಳಲ್ಲಿ ಸುಮಾರು ಐದು ಸಾವಿರ ರೋಗಿಗಳು ಅಲ್ಲಿಗೆ ಬಂದುಹೋದರು. 1902ರಲ್ಲಿ ನಲವತ್ತು ಹಾಸಿಗೆಗಳ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು.

ಅದು ಸಾಂಕ್ರಾಮಿಕ ರೋಗಗಳ ಕಾಲ. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂದು, ದಕ್ಷಿಣದ ಊರೂರುಗಳನ್ನು ಖಾಲಿ ಮಾಡಿಸಿತು. ಕಾಲರಾ ಬಹುಮಟ್ಟಿಗೆ ವರ್ಷವರ್ಷದ ಅತಿಥಿ. ಚುಚ್ಚುಮದ್ದೆಂದರೆ ಜನರಿಗೆ ಭಯ. ಆಸ್ಪತ್ರೆಯೆಂದರೆ ಅದಕ್ಕಿಂತ ಹೆಚ್ಚು ಭಯ. ಜನರು ರೋಗವನ್ನು ಮುಚ್ಚಿಡುತ್ತಿದ್ದ, ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಗರ್ಭಿಣಿಯೊಬ್ಬಳು ಹತ್ತು ಹರಿದಾರಿ ದೂರದ ವೆಲ್ಲೂರಿಗೆ ಬರುವುದೆಂತು? ಅವಳು ಬರಲಾರಳು, ಆಸ್ಪತ್ರೆಯೇ ಅವಳಿದ್ದಲ್ಲಿಗೆ ಹೋಗಬೇಕು. ಈ ಸರಳವಾದ ಸತ್ಯವನ್ನು ಕಾರ್ಯಕ್ಕೆ ತಂದುದೇ ಐಡಾ ಅವರ ಹಿರಿಮೆ.

1906ರಲ್ಲಿ ರಸ್ತೆಬದಿಯ ಚಿಕಿತ್ಸೆ ಆರಂಭವಾಯಿತು. ವಾರಕ್ಕೊಂದು ದಿನ ಎತ್ತಿನ ಗಾಡಿಯಲ್ಲಿ ಔಷಧದ ಪೆಟ್ಟಿಗೆಗಳನ್ನು ಹೇರಿಕೊಂಡು ಗುಡಿಯಾತ್ತಂ ದಾರಿಯಲ್ಲಿ ಐಡಾ ಹೊರಡುತ್ತಿದ್ದರು. ದಾರಿಯಲ್ಲಿ ಗೊತ್ತಾದ ಮರಗಳ ನೆರಳಿನಲ್ಲಿ ಜನ ಕಾದಿರುತ್ತಿದ್ದರು. ಹುಣ್ಣು ತೊಳೆಯುವುದು, ಕಣ್ಣಿಗೆ ಮದ್ದು ಹಾಕುವುದು, ಕುಷ್ಠರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲವೂ ಅಲ್ಲಿಯೇ. 1909ರ ಹೊತ್ತಿಗೆ ಫ್ರಾನ್ಸ್ ದೇಶದ ಚಿಕ್ಕದೊಂದು ಮೋಟಾರು ಕಾರು ಬಂದಿತು. ಎತ್ತು ಕುದುರೆಗಳಿಲ್ಲದೆ ಗದ್ದಲವೆಬ್ಬಿಸುತ್ತ ಓಡಿಬರುವ ಗಾಡಿಯನ್ನು ಕಂಡು, ದೆವ್ವವೇ ಬಂದಿತೆಂದು ಹಳ್ಳಿಗರು ಹೊಲಕ್ಕೆ ಓಡಿದರಂತೆ. ಕೆಲವು ವಾರಗಳಲ್ಲಿ ಅದೇ ಜನ ಆ ಸದ್ದಿಗಾಗಿ ಕಿವಿಗೊಟ್ಟು ನಿಂತರು. ಹೆರಿಗೆಯ ದೃಷ್ಟಿಯಿಂದ ಈ ಮರದಡಿಯ ಭೇಟಿಗಳ ಪ್ರಯೋಜನ ದೊಡ್ಡದು. ಕಾಲು ಬಾತ ಗರ್ಭಿಣಿ, ರಕ್ತವಿಲ್ಲದೆ ಬಿಳಿಚಿದ ಗರ್ಭಿಣಿ, ಹಿಂದಿನ ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ಗರ್ಭಿಣಿ ಇಂಥವರು ನೋವು ಕಾಣಿಸಿಕೊಳ್ಳುವ ಮೊದಲೇ ವೈದ್ಯೆಯ ಕಣ್ಣಿಗೆ ಬಿದ್ದರೆ ಉಳಿಯುವ ದಾರಿಯುಂಟು.

ಆದರೆ ಒಬ್ಬ ವೈದ್ಯೆ ಎಷ್ಟು ಮರಗಳಡಿಯಲ್ಲಿ ನಿಲ್ಲಬಲ್ಲಳು? ಐಡಾ 1909ರಲ್ಲಿ ದಾದಿಯರ ಶಾಲೆಯನ್ನು ತೆರೆದರು. ಬಳಿಕ ಭಾರತೀಯ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನೇ ಸ್ಥಾಪಿಸಲು ಮನಸ್ಸು ಮಾಡಿದರು. ಮದರಾಸಿನ ವೈದ್ಯಾಧಿಕಾರಿಗಳು ನಕ್ಕರು. ಬೆರಳೆಣಿಕೆಯಷ್ಟು ಹುಡುಗಿಯರೂ ಸಿಗಲಾರರೆಂದರು. ಅರ್ಜಿಗಳು ಬಂದದ್ದು 151. ಅವರಲ್ಲಿ ಆಯ್ದ ಕೆಲವರೊಡನೆ 1918ರ ಆಗಸ್ಟ್ 12ರಂದು ಶಾಲೆ ಆರಂಭವಾಯಿತು. ಸಲಕರಣೆಗಳೆಂದರೆ ಒಂದು ಸೂಕ್ಷ್ಮದರ್ಶಕ, ಕೆಲವು ಎಲುಬುಗಳು, ಒಂದೆರಡು ಪುಸ್ತಕಗಳು, ಕಟ್ಟಡ ಬಾಡಿಗೆಯದು.

ಶಾಲೆ ತೆರೆದು ಎರಡು ತಿಂಗಳಾಗುವಷ್ಟರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ದೇಶವನ್ನು ವ್ಯಾಪಿಸಿತು. ಭಾರತವೊಂದರಲ್ಲಿಯೇ ಕೋಟಿಗೂ ಮಿಕ್ಕಿದ ಜನ ಅದಕ್ಕೆ ಬಲಿಯಾದರು. ಮುದುಕರಿಗಿಂತ ಹರೆಯದವರನ್ನು ಹೆಚ್ಚಾಗಿ ಕೊಂದ ಜ್ವರ ಅದು. ಗರ್ಭಿಣಿಯರ ಪಾಲಿಗಂತೂ ಯಮನೇ ಆಯಿತು. ಶ್ವಾಸಕೋಶ ಕೆಟ್ಟ ತಾಯಿ, ದಿನ ತುಂಬುವ ಮೊದಲೇ ಹುಟ್ಟಿದ ಮಗು, ನೋಡಿಕೊಳ್ಳಲು ಎದ್ದು ನಿಲ್ಲಬಲ್ಲವರೇ ಇಲ್ಲದ ಮನೆ. ವೈದ್ಯೆಯರನ್ನು ಹೊರಗಿನಿಂದ ತರಿಸಿ ಈ ನಾಡನ್ನು ಕಾಯಲಾಗದು, ಇಲ್ಲಿಯವರೇ ಸಿದ್ಧರಾಗಬೇಕೆಂಬ ಮಾತಿಗೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿರಲಿಲ್ಲ. ಸರಕಾರದ ಪರೀಕ್ಷೆಯಲ್ಲಿ ಗಂಡಸರು ಬಹುಮಂದಿ ಸೋತಾಗ, ಪರೀಕ್ಷೆಗೆ ಕುಳಿತ ವೆಲ್ಲೂರಿನ ಹುಡುಗಿಯರು ಎಲ್ಲರೂ ತೇರ್ಗಡೆಯಾದರು. 1922ರಲ್ಲಿ ಹದಿನಾಲ್ಕು ಮಂದಿ ವೈದ್ಯೆಯರು ಹೊರಬಂದರು.

ಮುಂದಿನ ಕಷ್ಟ ಬಂದದ್ದು ರೋಗದಿಂದಲ್ಲ, ಕಾನೂನಿನಿಂದ. ವೆಲ್ಲೂರು ಕೊಡುತ್ತಿದ್ದ ಕೆಳದರ್ಜೆಯ ವೈದ್ಯಕೀಯ ಶಿಕ್ಷಣ ಇನ್ನು ಸಾಲದು, ವಿಶ್ವವಿದ್ಯಾನಿಲಯದ ಪದವಿಯೇ ಬೇಕೆಂದು ಮದರಾಸು ಸರಕಾರ 1930ರ ದಶಕದ ಕೊನೆಗೆ ತೀರ್ಮಾನಿಸಿತು. ಅದಕ್ಕೆ ಹಣ, ಹಾಸಿಗೆಗಳು, ಅಧ್ಯಾಪಕರು ಹಲವು ಪಟ್ಟು ಬೇಕು. ಎಪ್ಪತ್ತು ದಾಟಿದ ಐಡಾ ಯುದ್ಧದ ನಡುವೆ ಅಮೆರಿಕಕ್ಕೆ ಹೋಗಿ ಊರೂರು ಅಲೆದು ಹಣ ಬೇಡಿದರು. ಗಂಡಸರಿಗೂ ಪ್ರವೇಶ ಕೊಟ್ಟರೆ ನೆರವು ದೊರೆಯುವುದೆಂಬ ಸಲಹೆ ಬಂದಾಗ, ಹೆಂಗಸರಿಗಾಗಿ ಎಂದೇ ಹುಟ್ಟಿದ ಸಂಸ್ಥೆಯ ಗುರಿ ಕೆಡುವುದೆಂದು ಹಳೆಯ ಗೆಳತಿಯರು ಬಲವಾಗಿ ವಿರೋಧಿಸಿದರು. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳುವಂತಿಲ್ಲ. ಆದರೂ ಸಂಸ್ಥೆ ಮುಚ್ಚುವುದಕ್ಕಿಂತ ಬದಲಾಗುವುದು ಮೇಲೆಂದು ಐಡಾ ಒಪ್ಪಿದರು. ಆ ನಿರ್ಧಾರಕ್ಕೆ ಅವರು ತೆತ್ತ ಬೆಲೆ ದೀರ್ಘಕಾಲದ ಒಂದು ಸ್ನೇಹ. 1942ರಲ್ಲಿ ಕಾಲೇಜಿಗೆ ವಿಶ್ವವಿದ್ಯಾನಿಲಯದ ಮಾನ್ಯತೆ ಬಂದಿತು; 1947ರಲ್ಲಿ ಮೊದಲ ಬಾರಿಗೆ ಗಂಡು ವಿದ್ಯಾರ್ಥಿಗಳು ಸೇರಿದರು. ಅಷ್ಟರಲ್ಲಿ ಐಡಾ ಅಧಿಕಾರದಿಂದ ನಿವೃತ್ತರಾಗಿದ್ದರು. ಪ್ರಸೂತಿಶಾಸ್ತ್ರದಲ್ಲಿ ಹೆಸರಾದ ಭಾರತೀಯ ವೈದ್ಯೆ ಹಿಲ್ಡಾ ಲಾಜರಸ್ ಸಂಸ್ಥೆಯ ಚುಕ್ಕಾಣಿ ಹಿಡಿದರು.

ಕೊಡೈಕೆನಾಲಿನ ಬೆಟ್ಟದ ಮನೆಯಲ್ಲಿ ಐಡಾ ಕೊನೆಯ ವರ್ಷಗಳನ್ನು ಕಳೆದರು. ಹೂದೋಟ, ಟೆನ್ನಿಸ್ ಆಟ, ಬೆಟ್ಟದ ಜನಕ್ಕೆ ಒಂದಿಷ್ಟು ಔಷಧೋಪಚಾರ ಇವುಗಳಲ್ಲಿ ಕಾಲ ಸರಿಯಿತು. 1960ರ ಮೇ ತಿಂಗಳಿನಲ್ಲಿ, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಪಾರ್ಥಿವ ಶರೀರವನ್ನು ವೆಲ್ಲೂರಿಗೆ ತಂದಾಗ ಅಂಗಡಿಗಳು ಮುಚ್ಚಿದ್ದವು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಬೀದಿಯ ಎರಡೂ ಬದಿಗಳಲ್ಲಿ ಸಾಲುಗಟ್ಟಿ ನಿಂತಿದ್ದರು.