ಕಾಣದ ಗ್ರಹವನ್ನು ಲೆಕ್ಕದಿಂದ ಕಂಡವನು

ಉರ್ಬೇನ್ ಲೆ ವೆರಿಯೆ 1811ರಲ್ಲಿ ಫ್ರಾನ್ಸಿನ ಸೇಂಟ್ ಲೋ ಎಂಬ ಊರಿನಲ್ಲಿ ಜನಿಸಿದನು. ಮಗನ ವಿದ್ಯೆಗಾಗಿ ತಂದೆ ಮನೆಯನ್ನೇ ಮಾರಿದನಂತೆ. ಮನೆತನದಲ್ಲೇ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಈ ಸಂಗತಿ ಮನಮುಟ್ಟಿತು.

ಆಗ ಯುರೇನಸ್ ಗ್ರಹವು ನ್ಯೂಟನ್ನನ ಲೆಕ್ಕದಂತೆ ನಡೆಯುತ್ತಿರಲಿಲ್ಲ. ಅಷ್ಟು ದೂರದಲ್ಲಿ ಗುರುತ್ವದ ನಿಯಮವೇ ಬೇರೆಯಾಗುವುದೇನೋ ಎಂದು ಕೆಲವರು ಶಂಕಿಸಿದರು. ಲೆ ವೆರಿಯೆಯಾದರೋ ನಿಯಮವನ್ನು ನಂಬಿ, ಕಾಣದ ಗ್ರಹವೊಂದು ಅದನ್ನು ಸೆಳೆಯುತ್ತಿದೆಯೆಂದು ಬಗೆದು, ಅದರ ಸ್ಥಾನವನ್ನು ಗಣಿಸಿದನು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ಎಂಬವನು ಹುಡುಕಿದಾಗ, ಹೇಳಿದ ಜಾಗದಿಂದ 1 ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

1859ರಲ್ಲಿ ಬುಧನ ಕಕ್ಷೆಯಲ್ಲಿಯೂ ಆತನು ಶತಮಾನಕ್ಕೆ 38 ವಿಕಲೆಗಳ ವ್ಯತ್ಯಾಸ ಕಂಡನು. ಅಲ್ಲಿಯೂ ಕಾಣದ ಗ್ರಹವನ್ನೇ ಊಹಿಸಿದನು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂದಿತು. 1877ರಲ್ಲಿ, ಅದೇ ಸೆಪ್ಟೆಂಬರ್ 23ರಂದು, ತೀರಿಕೊಳ್ಳುವವರೆಗೂ ಆತನು ಅದನ್ನು ನಂಬಿದ್ದನು. ಆದರೆ ವಲ್ಕನ್ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದ ಮೇಲೆ ಬುಧನ ಲೆಕ್ಕ ಸರಿಹೋಯಿತು.

ಇಂದು ಗೆಲಕ್ಸಿಗಳ ವಿಷಯದಲ್ಲಿಯೂ ಅದೇ ಪ್ರಶ್ನೆ. ಅವುಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ವೇಗವಾಗಿ ಸುತ್ತುತ್ತವೆ. ಕಾಣದ ದ್ರವ್ಯವಿದೆಯೆಂಬುದು ಬಹುಮಂದಿಯ ಮತ. ಅದರ ಸೆಳೆತವಿಲ್ಲದೆ ಆದಿವಿಶ್ವದ ಸಣ್ಣ ಏರುಪೇರುಗಳು ಗೆಲಕ್ಸಿಗಳಾಗಿ ಬೆಳೆಯಲು ಕಾಲ ಸಾಲದು ಎಂಬುದು ಅವರ ಬಲವಾದ ವಾದ. ನಿಯಮವನ್ನೇ ತಿದ್ದಬೇಕೆಂದು 1983ರಲ್ಲಿ ಮಿಲ್ಗ್ರೋಮ್ ಸೂಚಿಸಿದನು. ಒಂದೇ ಯುಕ್ತಿ ಲೆ ವೆರಿಯೆಯನ್ನು ಒಮ್ಮೆ ಗೆಲ್ಲಿಸಿತು, ಒಮ್ಮೆ ಸೋಲಿಸಿತು. ಆದುದರಿಂದ ಎರಡು ಪಕ್ಷಗಳನ್ನೂ ತಾಳ್ಮೆಯಿಂದ ಕೇಳುವುದೇ ಲೇಸೆಂದು ನನಗೆ ತೋರುತ್ತದೆ.