ಬಿಡಿಭಾಗ ಸಿಕ್ಕರೆ ಬಂದೂಕು ಆಗಿಬಿಡುತ್ತದೆಯೇ? ಬೂದಿಕೋಟೆಯ ಹೈದರಾಲಿಯ ಬದುಕು ಹೇಳುವ ಸತ್ಯ

ಕುರುಡುಮಲೆ ಗಣಪತಿಯ ದರ್ಶನಕ್ಕೆ ಹೋಗಿಬಂದವರಿಗೆ ಆ ಸೀಮೆಯ ನೆಲ ಗೊತ್ತು. ಎತ್ತ ನೋಡಿದರೂ ಬಂಡೆ, ಗುಂಡುಕಲ್ಲು, ಕುರುಚಲು ಗಿಡ. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಮುಳಬಾಗಿಲಿನ ಬೆಟ್ಟದ ಸುತ್ತಲೂ ಇಂಥದೇ ಕಲ್ಲುಗಳ ರಾಶಿ. 1768ರ ಅಕ್ಟೋಬರ್ 4ರಂದು ಇದೇ ಬಂಡೆಗಳ ನಡುವೆ ಹೈದರಾಲಿಯ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್‌ನ ಪಡೆಗೂ ಘೋರ ಕಾದಾಟ ನಡೆಯಿತು. ವುಡ್‌ನ ಕಡೆಯವರು ಸೋಲುವ ಹಂತಕ್ಕೆ ಬಂದಿದ್ದರು. ಆಗ ಸಾಮಾನು ಸರಂಜಾಮು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎಂಬ ಅಧಿಕಾರಿ ಎರಡು ಫಿರಂಗಿಗಳನ್ನು ಒಂದು ಬಂಡೆಯ ಮೇಲಕ್ಕೆ ಏರಿಸಿ, ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂದುಬಿಟ್ಟಿತು ಎಂದು ತನ್ನವರಿಂದ ಜೋರಾಗಿ ಕೂಗಿಸಿದ. ಸ್ಮಿತ್ ಬಂದೇ ಇರಲಿಲ್ಲ. ಆದರೆ ಮೈಸೂರಿನ ಸೈನಿಕರು ನಂಬಿ ಹಿಂಜರಿದರು. ನಿಜ ಗೊತ್ತಾಗಿ ಮತ್ತೆ ಮೇಲೆ ಬೀಳುವಷ್ಟರಲ್ಲಿ ವುಡ್‌ನ ಪಡೆ ಚೇತರಿಸಿಕೊಂಡು ಸಾಲು ಕಟ್ಟಿತ್ತು.

ಅಂದರೆ ಎರಡೂವರೆ ಶತಮಾನದ ಹಿಂದೆ, ನಮ್ಮ ಕೋಲಾರ ಜಿಲ್ಲೆಯಲ್ಲೇ, ಒಂದು ಸುಳ್ಳು ಸುದ್ದಿ ಸಾವಿರಾರು ಬಂದೂಕುಗಳನ್ನು ಕೆಲಹೊತ್ತು ಸುಮ್ಮನಾಗಿಸಿತ್ತು.

ಇಂದು ಸುಳ್ಳು ಸುದ್ದಿ ಬರುವುದು ಮೊಬೈಲಿಗೆ. ಬಂದೂಕಿನ ವಿಷಯದಲ್ಲಿ ಮೂರು ಮಾತುಗಳನ್ನು ಜನ ಸುಲಭವಾಗಿ ನಂಬುತ್ತಾರೆ. ಒಂದು, ಬಿಡಿಭಾಗ ಸಿಕ್ಕರೆ ಯಾರು ಬೇಕಾದರೂ ಬಂದೂಕು ಜೋಡಿಸಬಹುದು. ಎರಡು, ಓದು ಬರಹ ಬಾರದ ಹೈದರಾಲಿ ಒಬ್ಬನೇ ಮೈಸೂರಿನ ಶಸ್ತ್ರಾಸ್ತ್ರವನ್ನೆಲ್ಲ ತಯಾರಿಸಿದ. ಮೂರು, ರಾಕೆಟ್ಟನ್ನು ಜಗತ್ತಿನಲ್ಲೇ ಮೊದಲು ಕಂಡುಹಿಡಿದವರು ಹೈದರ್ ಮತ್ತು ಟಿಪ್ಪು. ಈ ಮೂರರಲ್ಲೂ ಎಷ್ಟು ನಿಜ ಎಂದು ತಿಳಿಯಲು ಹೈದರನ ಬದುಕನ್ನೇ ನೋಡೋಣ.

ಬೂದಿಕೋಟೆಯ ಹುಡುಗ

ಹೈದರಾಲಿ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮದ್ ಸಿಪಾಯಿ. ಆರ್ಕಾಟಿನ ನವಾಬನ ಸೇನೆಯಲ್ಲಿ ಆತ ಬಾಣ ಹಾರಿಸುವವರ ತುಕಡಿಯನ್ನು ನಡೆಸಿದ್ದ ಎಂದು ಇತಿಹಾಸಕಾರರು ಬರೆಯುತ್ತಾರೆ. ಇಲ್ಲಿ ಬಾಣ ಎಂದರೆ ಬಿಲ್ಲಿನ ಬಾಣವಲ್ಲ, ಮದ್ದು ತುಂಬಿದ ರಾಕೆಟ್. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೈದರ್ ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಸಾಲದ ನೆಪ ಮಾಡಿ ದೊಡ್ಡಬಳ್ಳಾಪುರದ ಅಧಿಕಾರಿ ಅವನನ್ನೂ ಅಣ್ಣ ಶಹಬಾಜನನ್ನೂ ಹಿಂಸಿಸಿದ ಎಂಬ ಕಥೆಯಿದೆ. ಕೊನೆಗೆ ಕುಟುಂಬ ಶ್ರೀರಂಗಪಟ್ಟಣದಲ್ಲಿದ್ದ ಬಂಧುವಿನ ಆಸರೆ ಹಿಡಿಯಿತು. ಹೈದರನಿಗೆ ಅಕ್ಷರಾಭ್ಯಾಸ ಆಗಲಿಲ್ಲ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಮಾತಾಡುತ್ತಿದ್ದ. ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ.

1749ರಲ್ಲಿ ಮೈಸೂರು ಸೇನೆ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಧೈರ್ಯ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಚಿಕ್ಕದೊಂದು ತುಕಡಿ ಕೈಗೆ ಬಂತು.

ಬಂದೂಕು ಕೂಡಿಹಾಕಿದ ಕಾಲ

ಬಂದೂಕಿನ ವಿಷಯದಲ್ಲಿ ಆಗ ಹೈದರ್ ಹೊಸಬನೇ. ಕಾರ್ಖಾನೆಯಿಲ್ಲ, ಕುಶಲಿಗರಿಲ್ಲ, ಹಣವೂ ಇಲ್ಲ. 1750ರ ಡಿಸೆಂಬರಿನಲ್ಲಿ ಹೈದರಾಬಾದಿನ ನಾಸಿರ್ ಜಂಗ್ ಸೆಂಜಿಯ ಬಳಿ ಕೊಲೆಯಾದ. ಆ ಗದ್ದಲದಲ್ಲಿ ಹೈದರನ ಬೇಡರ ಪಡೆಯವರು ಚಿನ್ನದ ನಾಣ್ಯ ಹೊತ್ತ ಒಂಟೆಗಳನ್ನು ಹೊಡೆದುಕೊಂಡು ಬಂದರು. ಕಾಳಗಗಳಲ್ಲಿ ಬಿದ್ದ, ಬಿಟ್ಟುಹೋದ ಕೋವಿಗಳನ್ನೂ ಆರಿಸಿ ತಂದರು. ಹೀಗೆ ಸುಮಾರು 500 ಕೋವಿ ಕೂಡಿದವು. ಫ್ರೆಂಚರ ಪಡೆಯಿಂದ ತಪ್ಪಿಸಿಕೊಂಡು ಬಂದ ಸಿಪಾಯಿಗಳನ್ನು ಹಿಡಿದು ತನ್ನವರಿಗೆ ಕವಾಯತು ಕಲಿಸಿದ. ಒಬ್ಬ ಪಾರಸಿಯ ಮೂಲಕ ಮುಂಬಯಿಯ ಕಂಪನಿ ಸರ್ಕಾರದಿಂದ ಫಿರಂಗಿ, ಕೋವಿ ಕೊಳ್ಳುವಂತೆ ಮತ್ತು ಮೂವತ್ತರಷ್ಟು ಯುರೋಪಿನ ನಾವಿಕರನ್ನು ಫಿರಂಗಿ ನಡೆಸಲು ಸೇರಿಸಿಕೊಳ್ಳುವಂತೆ ಅಣ್ಣನ ಮನವೊಲಿಸಿದ ಎಂದೂ ಹೇಳುತ್ತಾರೆ.

ಈ ಕೋವಿಗಳು ರೈಫಲ್‌ಗಳಲ್ಲ, ಮಸ್ಕೆಟ್‌ಗಳು. ರೈಫಲ್ಲಿನ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಮಸ್ಕೆಟ್ಟಿನ ನಳಿಗೆ ಒಳಗೆ ನುಣುಪು. ಗುಂಡು ಎತ್ತ ಹೋಗುತ್ತದೆಂದು ಹೊಡೆದವನಿಗೂ ಖಾತ್ರಿಯಿಲ್ಲ. ಅದಕ್ಕೇ ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಹೊಡೆಯಬೇಕಿತ್ತು. ಹಳೆಯ ಕೋವಿಗೆ ಉರಿಯುವ ಬತ್ತಿ ಬೇಕಿತ್ತು, ಮಳೆ ಬಂದರೆ ಬತ್ತಿ ಆರುತ್ತಿತ್ತು. ಹೊಸ ಕೋವಿಯಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತಿತ್ತು. ಚಕಮಕಿ ಕೋವಿ, ಅದರ ತುದಿಗೆ ಬಾಕು, ಜೊತೆಗೆ ಯುರೋಪಿಯನ್ನರು ನಡೆಸುವ ಫಿರಂಗಿದಳ ಇವಿಷ್ಟನ್ನೂ ಹೊಂದಿದ ಸಿಪಾಯಿ ಪಡೆಯನ್ನು ಕಟ್ಟಿದ ಮೊದಲ ಭಾರತೀಯ ಹೈದರಾಲಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಬಿಡಿಭಾಗ ಏಕೆ ಸಾಲದು?

ಈಗ ಮೊದಲ ಮಾತಿಗೆ ಬರೋಣ. ಚಕಮಕಿ ಕೋವಿಯಲ್ಲಿ ಮುಖ್ಯವಾಗಿ ಮೂರು ಭಾಗ: ಕಬ್ಬಿಣದ ನಳಿಗೆ, ಕಿಡಿ ಹಾರಿಸುವ ಕುದುರೆ ಮತ್ತು ಅದರ ಸ್ಪ್ರಿಂಗುಗಳ ಜೋಡಣೆ, ಮರದ ಹಿಡಿ. ಹೈದರನ ಕಾಲದಲ್ಲಿ ಪ್ರತಿ ಭಾಗವನ್ನೂ ಕುಶಲಿಗ ಅರದಿಂದ ಉಜ್ಜಿ, ಆ ಒಂದು ಕೋವಿಗೆ ಮಾತ್ರ ಹೊಂದುವಂತೆ ಕೂರಿಸುತ್ತಿದ್ದ. ಒಂದರ ತಿರುಪು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಯಾವ ಕೋವಿಗಾದರೂ ಹೊಂದುವಂಥ ಒಂದೇ ಅಳತೆಯ ಬಿಡಿಭಾಗಗಳನ್ನು ಫ್ರಾನ್ಸಿನ ಒನೊರೆ ಬ್ಲಾಂಕ್ ಮಾಡಿ ತೋರಿಸಿದ್ದು 1780ರ ದಶಕದಲ್ಲಿ, ಹೈದರ್ ಸತ್ತ ಮೇಲೆ. ಅದು ಕಾರ್ಖಾನೆಗಳಲ್ಲಿ ರೂಢಿಗೆ ಬರಲು ಇನ್ನೂ ದಶಕಗಳೇ ಹಿಡಿದವು.

ಅಳತೆಗಿಂತ ದೊಡ್ಡ ಸಮಸ್ಯೆ ಒತ್ತಡದ್ದು. ಮದ್ದು ಉರಿದಾಗ ಕಣ್ಣು ಮಿಟುಕಿಸುವುದರೊಳಗೆ ಬಿಸಿ ಅನಿಲವಾಗುತ್ತದೆ. ಆ ಅನಿಲ ಗುಂಡನ್ನು ಮುಂದಕ್ಕೆ ತಳ್ಳಬೇಕು. ಆದರೆ ಯಾವ ಕಡೆ ಹೋಗಬೇಕೆಂದು ಅನಿಲಕ್ಕೆ ತಿಳಿಯದು, ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ. ನಳಿಗೆಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು. ಸಿಡಿಯುವ ಜಾಗ ಹೊಡೆಯುವವನ ಕೈ ಮತ್ತು ಮುಖದ ಪಕ್ಕದಲ್ಲೇ ಇರುತ್ತದೆ. ಈ ಕಾರಣಕ್ಕೇ ಯುರೋಪಿನ ಶಸ್ತ್ರಾಗಾರಗಳಲ್ಲಿ ಪ್ರತಿ ನಳಿಗೆಯನ್ನೂ ಮಾಮೂಲಿಗಿಂತ ಹೆಚ್ಚಿನ ಮದ್ದಿನಿಂದ, ಜನರನ್ನು ದೂರ ನಿಲ್ಲಿಸಿ ಪರೀಕ್ಷಿಸಿದ ಮೇಲಷ್ಟೇ ಸೈನಿಕರಿಗೆ ಕೊಡುತ್ತಿದ್ದರು. ಕಣ್ಣಿಗೆ ಚೆನ್ನಾಗಿ ಕಾಣುವ ನಳಿಗೆ ಗಟ್ಟಿಯಾಗಿದೆ ಎಂದೇನೂ ಅಲ್ಲ.

ಹೈದರನಿಗೆ ಇದು ಅರ್ಥವಾಗಿತ್ತು. 1755ರ ಸುಮಾರಿಗೆ ದಿಂಡಿಗಲ್ಲಿನ ಫೌಜುದಾರನಾದಾಗ ಅವನು ತರಿಸಿದ್ದು ಬಿಡಿಭಾಗಗಳನ್ನಲ್ಲ, ಕೆಲಸ ಬಲ್ಲವರನ್ನು. ಪುದುಚೇರಿ, ತಿರುಚಿನಾಪಳ್ಳಿ ಕಡೆಯ ಕುಶಲಿಗರನ್ನು ಫ್ರೆಂಚ್ ಮೇಸ್ತ್ರಿಗಳ ಕೈಕೆಳಗೆ ಇಟ್ಟು ಅಲ್ಲಿ ಶಸ್ತ್ರಾಗಾರ ತೆರೆದ. 1761ರ ಹೊತ್ತಿಗೆ ಮೈಸೂರಿನ ಅಧಿಕಾರ ಅವನ ಕೈಗೆ ಬಂತು. 1763ರಲ್ಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ, ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಅಲ್ಲೂ ಟಂಕಸಾಲೆ, ಶಸ್ತ್ರಾಗಾರ ಎದ್ದವು.

ಹಾಗಾಗಿ ಎರಡನೆಯ ಮಾತಿನಲ್ಲಿ ಅರ್ಧ ಮಾತ್ರ ನಿಜ. ಹೈದರ್ ಓದಿರಲಿಲ್ಲ, ಸರಿ. ಒಬ್ಬನೇ ಮಾಡಿದ ಎಂಬುದು ಸುಳ್ಳು. ಅವನ ಹಿಂದೆ ಕಮ್ಮಾರರು, ಬಡಗಿಗಳು, ಉಪ್ಪುಮಣ್ಣಿನಿಂದ ಪೆಟ್ಲುಪ್ಪು ತೆಗೆಯುವವರು, ಹೊರದೇಶದ ಮೇಸ್ತ್ರಿಗಳು ಇದ್ದರು. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಕೈಗೆ ಬಿಟ್ಟದ್ದೇ ಅವನ ಜಾಣತನ.

ಬಾಣದ ನಿಜವಾದ ಕಥೆ

ಮುಳಬಾಗಿಲಿನ ಕಾದಾಟದ ಮರುವರ್ಷ, 1769ರಲ್ಲಿ, ಹೈದರ್ ಕುದುರೆ ದಂಡಿನೊಂದಿಗೆ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಕಂಪನಿಯಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಮಗ ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದರು. ನಡುವೆ ಕಂಪನಿಯವರ ಮದ್ದಿನ ಬಂಡಿಗಳೇ ಸ್ಫೋಟಿಸಿದವು. ಕೆಲವರು ಅದಕ್ಕೆ ಬಾಣ ಕಾರಣವೆನ್ನುತ್ತಾರೆ, ಕೆಲವರು ಫಿರಂಗಿ ಗುಂಡು ಎನ್ನುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಕಾಳಗದ ಚಿತ್ರವನ್ನು ಇಂದೂ ನೋಡಬಹುದು.

ಹಾಗಾದರೆ ರಾಕೆಟ್ ಕಂಡುಹಿಡಿದವರು ಇವರೇ? ಅಲ್ಲ. ಚೀನಾದಲ್ಲಿ ಹದಿಮೂರನೆಯ ಶತಮಾನದಲ್ಲೇ ಮದ್ದಿನ ರಾಕೆಟ್ ಇತ್ತು. ನಮ್ಮಲ್ಲೂ ಹೈದರನ ತಂದೆಯ ಕಾಲಕ್ಕೇ ಬಾಣದ ತುಕಡಿಗಳಿದ್ದವು. ಮೈಸೂರಿನ ಹೆಗ್ಗಳಿಕೆ ಬೇರೆ. ಯುರೋಪಿನವರು ಆಗ ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದರೆ, ಇಲ್ಲಿಯವರು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುವುದರಿಂದ ಬಾಣ ಹೆಚ್ಚು ದೂರ ಹಾರಿತು. ಟಿಪ್ಪುವಿನ ಕಾಲದಲ್ಲಿ ಇದು ಇನ್ನೂ ಬೆಳೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ಬಾಣಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಕಲಿತು ವಿಲಿಯಂ ಕಾಂಗ್ರೀವ್ ಮಾಡಿದ ರಾಕೆಟ್‌ಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಮೈಸೂರು ರಾಕೆಟ್ಟಿನ ಚಿತ್ರ ಕಂಡದ್ದನ್ನು ಡಾ. ಅಬ್ದುಲ್ ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಗೌರವ ಹೌದು, ಮೊದಲು ಕಂಡುಹಿಡಿದವರು ಇವರೇ ಎಂಬ ಪ್ರಮಾಣಪತ್ರವಲ್ಲ.

2018ರಲ್ಲಿ ಅದೇ ಹೊಸನಗರ ತಾಲ್ಲೂಕಿನ ಬಿದನೂರಿನ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಸಿಕ್ಕವು. ಮೈಸೂರಿನ ಕಮ್ಮಾರರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕೋಲಾರಕ್ಕೆ ಬಂದ ಪೆಟ್ಟಿಗೆ

ಇಷ್ಟೆಲ್ಲ ಶಸ್ತ್ರ ಕೂಡಿಸಿದವನನ್ನು ಕೊಂದದ್ದು ಗುಂಡಲ್ಲ, ಬೆನ್ನಿನ ಮೇಲೆ ಎದ್ದ ಬೆನ್ನುಫಣಿ. ಹಲವು ಕುರುಗಳು ಒಂದಾಗಿ ಆಳಕ್ಕೆ ಇಳಿಯುವ ಸೋಂಕು ಇದು. ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಇಲ್ಲದ ಕಾಲದಲ್ಲಿ ಸೋಂಕು ರಕ್ತಕ್ಕೆ ಸೇರಿದರೆ ಬದುಕುವುದು ಕಷ್ಟ. ಅದು ಕ್ಯಾನ್ಸರ್ ಆಗಿತ್ತು ಎನ್ನುವವರೂ ಇದ್ದಾರೆ. ಇಂದೂ ಬೆನ್ನಿನಲ್ಲಿ ದೊಡ್ಡ ಕುರು ಎದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಮನೆಮದ್ದು ಮಾಡುತ್ತಾ ಕೂರದೆ ವೈದ್ಯರಿಗೆ ತೋರಿಸಬೇಕು.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರ್ ಸತ್ತ. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದ. ಸುದ್ದಿ ಹಬ್ಬಿದರೆ ಸೇನೆ ಒಡೆಯುತ್ತದೆಂದು ಮಂತ್ರಿಗಳು ಸಾವನ್ನು ಮುಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಹಣ ಸಾಗಿಸುವಂತೆ ಕೋಲಾರಕ್ಕೆ ಕಳಿಸಿ, ತಂದೆ ಫತೇ ಮಹಮದನ ಗೋರಿಯ ಬಳಿ ಇರಿಸಿದರು. ಆಮೇಲೆ ಅದನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಲಾಯಿತು. ಮುಳಬಾಗಿಲಿನಲ್ಲಿ ಸುಳ್ಳು ಕೂಗಿಗೆ ಸಿಕ್ಕ ಸೇನೆಯ ನಾಯಕರು ಸುದ್ದಿಯ ಬಲವನ್ನು ಚೆನ್ನಾಗಿ ಕಲಿತಿದ್ದರು.

ಈಗ ನೀವು ತಿಳಿದಿರಬೇಕಾದದ್ದು

ಅಂದು ಅರಸನ ಹಣ, ಫ್ರೆಂಚ್ ಮೇಸ್ತ್ರಿ, ನೂರಾರು ಕಮ್ಮಾರರಿದ್ದರೂ ಕಷ್ಟವಾದ ಕೆಲಸವನ್ನು ಇಂದು ಯಾರೋ ಕಳಿಸಿದ ವಿಡಿಯೋ ನೋಡಿ ಮನೆಯ ಹಿತ್ತಲಲ್ಲಿ ಮಾಡಲು ಹೊರಟರೆ ಮೊದಲು ಅಪಾಯ ಮಾಡುವವನಿಗೇ.

ಕಾನೂನಿನ ಮಾತೂ ಸ್ಪಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ಮಾರುವುದು, ರಿಪೇರಿ ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಹಂದಿ ಕಾಟಕ್ಕೆ ತೋಟ ಕಾಯಲು ಎಂಬ ಕಾರಣ ಹೇಳಿದರೂ ಕಾನೂನು ಬದಲಾಗದು. ಬೆಳೆ ಕಾಯಲು ಕೋವಿ ಬೇಕೇಬೇಕಿದ್ದರೆ ಪರವಾನಗಿಗೆ ಅರ್ಜಿ ಹಾಕುವ ದಾರಿಯಿದೆ. ಹಳೆಯ ಮನೆಯ ಅಟ್ಟದಲ್ಲೋ ಬಾವಿಯಲ್ಲೋ ತುಕ್ಕು ಹಿಡಿದ ಕೋವಿ, ಮದ್ದು ಸಿಕ್ಕರೆ ಮುಟ್ಟಬೇಡಿ, ಉಜ್ಜಬೇಡಿ, ಪೊಲೀಸರಿಗೆ ತಿಳಿಸಿ. ಹಳೆಯ ಮದ್ದಿನಲ್ಲಿ ಇನ್ನೂ ಜೀವ ಇರಬಹುದು.

ಮುಂದಿನ ಸಲ ಕುರುಡುಮಲೆಗೆ ಹೋದಾಗ ಮುಳಬಾಗಿಲಿನ ಬೆಟ್ಟದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಒಂದು ದಿನ ಬಾರದ ಸೈನ್ಯವನ್ನು ಬಂದಿದೆ ಎಂದು ಜನ ನಂಬಿದ್ದರು. ಬಂದೂಕು ಮಾಡುವುದು ಸುಲಭ ಎಂಬ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಕಳಿಸಿದವರಿಗೆ ಹೈದರಾಲಿಯ ಈ ಕಥೆಯನ್ನು ಕಳಿಸಿ.