ದೇವಸಹಾಯಂ ಪಿಳ್ಳೈ: ಎಲ್ಲವನ್ನೂ ಕಳೆದುಕೊಂಡರೂ ನಂಬಿಕೆ ಬಿಡದ ತಿರುವಾಂಕೂರು ಅರಮನೆಯ ಅಧಿಕಾರಿ

2022ರ ಮೇ 15ರಂದು ವ್ಯಾಟಿಕನ್‌ನ ಸಂತ ಪೀಟರ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರು ಹತ್ತು ಮಂದಿಯನ್ನು ಸಂತರೆಂದು ಘೋಷಿಸಿದರು. ಆ ಪಟ್ಟಿಯಲ್ಲಿ ಒಬ್ಬ ಭಾರತೀಯರ ಹೆಸರೂ ಇತ್ತು. ಅವರು ಪಾದ್ರಿಯಲ್ಲ, ಬಿಷಪ್ ಅಲ್ಲ, ಸನ್ಯಾಸಿಯೂ ಅಲ್ಲ. ಮದುವೆಯಾಗಿ ಸಂಸಾರ ನಡೆಸುತ್ತಿದ್ದ, ಅರಮನೆಯ ನೌಕರಿಯಲ್ಲಿದ್ದ ಒಬ್ಬ ಗೃಹಸ್ಥ. ಹೀಗೆ ಸಂತ ಪದವಿಗೇರಿದ ಭಾರತದ ಮೊದಲ ಗೃಹಸ್ಥ ಎಂಬ ಹೆಗ್ಗಳಿಕೆ ಅವರದು. ಹೆಸರು ದೇವಸಹಾಯಂ. ಅವರು ಸತ್ತು ಆಗಲೇ 270 ವರ್ಷಗಳಾಗಿದ್ದವು.

ಕಷ್ಟ ಬಂದಾಗ ದೇವರನ್ನು ನಂಬುವುದು ಹೇಗೆ, ಸುಳ್ಳು ಹೇಳಿದರೆ ಬದುಕಿಕೊಳ್ಳಬಹುದು ಎನ್ನುವಾಗಲೂ ಪ್ರಾಮಾಣಿಕವಾಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಕೇರಳದ ಕ್ರೈಸ್ತರು ಇಂದಿಗೂ ಇವರ ಬದುಕನ್ನೇ ಉದಾಹರಣೆಯಾಗಿ ಹೇಳುತ್ತಾರೆ. ಆ ಬದುಕಿನ ಕಥೆ ಇಲ್ಲಿದೆ.

ನಟ್ಟಾಲಂನ ಹುಡುಗ, ಅರಮನೆಯ ಅಧಿಕಾರಿ

1712ರ ಏಪ್ರಿಲ್ 23ರಂದು ತಿರುವಾಂಕೂರು ಸಂಸ್ಥಾನದ ನಟ್ಟಾಲಂ ಎಂಬ ಊರಿನಲ್ಲಿ ನೀಲಕಂಠ ಪಿಳ್ಳೈ ಹುಟ್ಟಿದರು. ತಂದೆ ವಾಸುದೇವನ್ ನಂಬೂದಿರಿ. ತಿರುವಟ್ಟಾರ್‌ನ ಆದಿಕೇಶವ ಪೆರುಮಾಳ್ ದೇವಸ್ಥಾನದಲ್ಲಿ ಅರ್ಚಕರು. ತಾಯಿ ದೇವಕಿ ಅಮ್ಮ, ನಾಯರ್ ಮನೆತನದವರು. ತುಳುನಾಡಿನ ಅಳಿಯಸಂತಾನದಂತೆ ಅಲ್ಲೂ ಮಕ್ಕಳು ತಾಯಿಯ ಮನೆಗೆ ಸೇರಿದವರು. ಹಾಗಾಗಿ ನೀಲಕಂಠ ಬೆಳೆದದ್ದು ಸೋದರಮಾವಂದಿರ ಆಸರೆಯಲ್ಲಿ.

ನಟ್ಟಾಲಂ ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ರಚನೆಯಾದಾಗ ತಿರುವಾಂಕೂರಿನ ದಕ್ಷಿಣದ ತಾಲೂಕುಗಳು ತಮಿಳುನಾಡಿಗೆ ಸೇರಿದವು. ಅದೇ ದಿನ ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಆದರೆ ನೀಲಕಂಠರ ಕಾಲದಲ್ಲಿ ನಟ್ಟಾಲಂನಿಂದ ತಿರುವನಂತಪುರದವರೆಗೆ ಒಂದೇ ರಾಜ್ಯ, ಒಬ್ಬನೇ ದೊರೆ. ಸಂಸ್ಥಾನದ ರಾಜಧಾನಿ ಪದ್ಮನಾಭಪುರಂ. ಅಲ್ಲಿನ ಮರದ ಅರಮನೆ ತಮಿಳುನಾಡಿನ ನೆಲದಲ್ಲಿದ್ದರೂ ಇಂದಿಗೂ ಅದನ್ನು ನೋಡಿಕೊಳ್ಳುವುದು ಕೇರಳ ಸರ್ಕಾರ.

ಓದು, ಲೆಕ್ಕಪತ್ರ ಬಲ್ಲ ನೀಲಕಂಠ ಪಿಳ್ಳೈ ಪದ್ಮನಾಭಪುರಂನ ನೀಲಕಂಠಸ್ವಾಮಿ ದೇವಸ್ಥಾನದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಅರಮನೆಯ ಸೇವೆಗೆ ಬಂದರು. ಭಾರ್ಗವಿ ಅಮ್ಮಾಳ್ ಅವರೊಂದಿಗೆ ಮದುವೆಯಾಯಿತು. ಹೊಲ, ದನಕರು, ದೊರೆಯ ವಿಶ್ವಾಸ ಎಲ್ಲವೂ ಇತ್ತು.

ಕೊಚ್ಚಿಯ ಡಚ್ಚರು ಮತ್ತು ಕೊಳಚ್ಚಲ್ ಯುದ್ಧ

ಅವರ ಬದುಕಿಗೆ ತಿರುವು ಕೊಟ್ಟದ್ದು ಒಂದು ಯುದ್ಧ. ಡಚ್ ಈಸ್ಟ್ ಇಂಡಿಯಾ ಕಂಪನಿ 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತ್ತು. ಮಲಬಾರ್ ಕರಾವಳಿಯ ಕರಿಮೆಣಸಿನ ವ್ಯಾಪಾರವನ್ನು ಅಲ್ಲಿಂದಲೇ ನಿಯಂತ್ರಿಸುತ್ತಿತ್ತು. ಆದರೆ ತಿರುವಾಂಕೂರಿನ ಮಾರ್ತಾಂಡ ವರ್ಮ ಸುತ್ತಲಿನ ಸಣ್ಣ ಸಂಸ್ಥಾನಗಳನ್ನು ಒಂದೊಂದಾಗಿ ಗೆಲ್ಲುತ್ತಾ ಬಂದಾಗ ಡಚ್ಚರ ವ್ಯಾಪಾರಕ್ಕೆ ಕುತ್ತು ಬಂತು. 1741ರಲ್ಲಿ ಡಚ್ ಪಡೆ ಕೊಳಚ್ಚಲ್ ಬಂದರಿನಲ್ಲಿ ಇಳಿಯಿತು, ಸೋತಿತು.

ಸೆರೆ ಸಿಕ್ಕವರಲ್ಲಿ ಯೂಸ್ಟೇಷಿಯಸ್ ಡಿ ಲನೋಯ್ ಎಂಬ ಸೇನಾನಿ ಇದ್ದರು. ಮಾರ್ತಾಂಡ ವರ್ಮ ಅವರನ್ನು ಕೊಲ್ಲಲಿಲ್ಲ. ಬದಲಾಗಿ, ಯುರೋಪಿನ ಮಾದರಿಯಲ್ಲಿ ತನ್ನ ಸೈನ್ಯಕ್ಕೆ ತರಬೇತಿ ಕೊಡುವ ಕೆಲಸ ವಹಿಸಿದರು. ಡಿ ಲನೋಯ್ ಮುಂದೆ ತಿರುವಾಂಕೂರು ಸೇನೆಯ ಮುಖ್ಯಸ್ಥರೇ ಆಗಿ, ವಲಿಯ ಕಪ್ಪಿತ್ತಾನ್ ಅಂದರೆ ದೊಡ್ಡ ಕ್ಯಾಪ್ಟನ್ ಎಂದು ಹೆಸರಾದರು. ಪದ್ಮನಾಭಪುರಂ ಪಕ್ಕದ ಉದಯಗಿರಿ ಕೋಟೆ ಅವರ ನೆಲೆ. ಅವರು ಕ್ಯಾಥೋಲಿಕರು. ಅರಮನೆಯ ಕೆಲಸದ ಮೇಲೆ ಓಡಾಡುತ್ತಿದ್ದ ನೀಲಕಂಠ ಪಿಳ್ಳೈ ಅವರಿಗೂ ಈ ಪರದೇಶಿ ಸೆರೆಯಾಳಿಗೂ ಸ್ನೇಹ ಬೆಳೆಯಿತು.

ಸೆರೆಯಾಳು ಹೇಳಿದ ಯೋಬನ ಕಥೆ

ಆ ದಿನಗಳಲ್ಲಿ ನೀಲಕಂಠ ಪಿಳ್ಳೈ ಅವರ ಮನೆಗೆ ಕಷ್ಟಗಳು ಒಂದರ ಹಿಂದೆ ಒಂದರಂತೆ ಬಂದವು. ದನಕರು ಸತ್ತವು, ಆಸ್ತಿ ಕರಗಿತು. ಮುಖ ಬಾಡಿದ ಗೆಳೆಯನನ್ನು ನೋಡಿ ಡಿ ಲನೋಯ್ ಕಾರಣ ಕೇಳಿದರು. ಕೇಳಿದ ಮೇಲೆ ಅವರು ಬೈಬಲ್ಲಿನ ಯೋಬನ ಕಥೆ ಹೇಳಿದರು ಎಂದು ಚರ್ಚಿನ ಪರಂಪರೆ ನೆನೆಯುತ್ತದೆ.

ಯೋಬನ ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬಹುದು. ಅವನು ಸಜ್ಜನ, ದೊಡ್ಡ ಸಿರಿವಂತ. ಏಳು ಗಂಡು, ಮೂರು ಹೆಣ್ಣು ಮಕ್ಕಳು. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ. ಒಂದೇ ದಿನ ಎಲ್ಲವೂ ಹೋಗುತ್ತದೆ, ಮಕ್ಕಳೂ ಸಾಯುತ್ತಾರೆ. ಮೈತುಂಬ ಹುಣ್ಣಾಗುತ್ತದೆ. ದೇವರನ್ನು ಶಪಿಸಿ ಸಾಯಬಾರದೇ ಎಂದು ಹೆಂಡತಿಯೇ ಕೇಳುತ್ತಾಳೆ. ನೀನು ಪಾಪ ಮಾಡಿರಬೇಕು, ಒಪ್ಪಿಕೋ ಎಂದು ಸ್ನೇಹಿತರು ಪೀಡಿಸುತ್ತಾರೆ. ಯೋಬ ಎರಡನ್ನೂ ಮಾಡುವುದಿಲ್ಲ. ಅಳುತ್ತಾನೆ, ದೇವರೊಂದಿಗೇ ಜಗಳವಾಡುತ್ತಾನೆ. ಆದರೆ ದೇವರನ್ನು ಬಿಡುವುದಿಲ್ಲ, ಮಾಡದ ತಪ್ಪನ್ನು ಒಪ್ಪುವುದೂ ಇಲ್ಲ. ಕೊನೆಗೆ ಕಳೆದುಕೊಂಡದ್ದರ ಎರಡರಷ್ಟು ಸಂಪತ್ತು ಅವನಿಗೆ ಮರಳಿ ಸಿಗುತ್ತದೆ.

ಈ ಕಥೆ ನೀಲಕಂಠ ಪಿಳ್ಳೈ ಅವರ ಮನಸ್ಸಿಗೆ ನಾಟಿತು. 1745ರ ಮೇ 14ರಂದು ವಡಕ್ಕನ್‌ಕುಳಂನ ಚರ್ಚಿನಲ್ಲಿ ಯೇಸುಸಭೆಯ ಪಾದ್ರಿ ಜಿಯೊವಾನ್ನಿ ಬ್ಯಾಟಿಸ್ಟಾ ಬುತ್ತಾರಿ ಅವರಿಂದ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ 33 ವರ್ಷ. ವಡಕ್ಕನ್‌ಕುಳಂ ಈಗಿನ ತಿರುನೆಲ್ವೇಲಿ ಜಿಲ್ಲೆಯಲ್ಲಿದೆ, ಅಂದು ತಿರುವಾಂಕೂರಿನ ಗಡಿಯಾಚೆಗಿದ್ದ ಊರು. ಅವರಿಗೆ ಲಾಜರ ಎಂಬ ಹೆಸರಿಡಲಾಯಿತು. ದೇವರು ಸಹಾಯ ಮಾಡಿದ್ದಾನೆ ಎಂಬ ಅದರ ಅರ್ಥವೇ ತಮಿಳು, ಮಲಯಾಳಂಗಳಲ್ಲಿ ದೇವಸಹಾಯಂ ಆಯಿತು. ಕನ್ನಡಿಗರಿಗಂತೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಂದೆ ಪತ್ನಿ ಭಾರ್ಗವಿಯೂ ದೀಕ್ಷೆ ಪಡೆದು ಜ್ಞಾನಪ್ಪೂ ಎಂಬ ಹೆಸರಿನವರಾದರು.

ಒಟ್ಟಿಗೆ ಕೂತು ಉಂಡದ್ದೇ ತಪ್ಪು

ಹೊಸ ನಂಬಿಕೆಯನ್ನು ಅವರು ಮನೆಯೊಳಗೆ ಮುಚ್ಚಿಟ್ಟುಕೊಳ್ಳಲಿಲ್ಲ. ಮೇಲು ಕೀಳು ಎಂಬ ಭೇದ ಬಿಟ್ಟು ಎಲ್ಲ ಜಾತಿಯವರೊಂದಿಗೆ ಬೆರೆತರು, ಕೂತು ಉಂಡರು. ಯಾರು ಯಾರಿಂದ ಎಷ್ಟು ದೂರ ನಿಲ್ಲಬೇಕೆಂಬುದಕ್ಕೂ ಕಟ್ಟಳೆ ಇದ್ದ ನಾಡು ಅದು. ಅರಮನೆಯ ಮೇಲ್ಜಾತಿ ಅಧಿಕಾರಿಯೇ ಆ ಕಟ್ಟಳೆ ಮುರಿದದ್ದು ಹಲವರಿಗೆ ಸಹಿಸಲಾಗಲಿಲ್ಲ.

ದೂರುಗಳು ದೊರೆಯನ್ನು ತಲುಪಿದವು. ರಾಜದ್ರೋಹ, ರಾಜ್ಯದ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಟ್ಟದ್ದು ಮುಂತಾದ ಆರೋಪಗಳನ್ನು ಹೊರಿಸಿ 1749ರ ಫೆಬ್ರವರಿ 23ರಂದು ಅವರನ್ನು ಬಂಧಿಸಲಾಯಿತು. ಆಗ ರಾಮಯ್ಯನ್ ದಳವಾ ಸಂಸ್ಥಾನದ ಪ್ರಬಲ ಮಂತ್ರಿಯಾಗಿದ್ದರು.

ದೇವಸಹಾಯಂ ಸೆರೆಯಲ್ಲಿದ್ದಾಗಲೇ ತಿರುವನಂತಪುರದಲ್ಲಿ ಮತ್ತೊಂದು ದೊಡ್ಡ ಘಟನೆ ನಡೆಯಿತು. 1750ರ ಜನವರಿ 3ರಂದು ಮಾರ್ತಾಂಡ ವರ್ಮ ಇಡೀ ರಾಜ್ಯವನ್ನು ಶ್ರೀ ಪದ್ಮನಾಭಸ್ವಾಮಿಯ ಪಾದಕ್ಕೆ ಅರ್ಪಿಸಿ, ತಾನು ಪದ್ಮನಾಭದಾಸ ಮಾತ್ರ ಎಂದು ಘೋಷಿಸಿದರು. ಇತಿಹಾಸದಲ್ಲಿ ಇದು ತೃಪ್ಪಡಿದಾನಂ ಎಂದು ಪ್ರಸಿದ್ಧ. ರಾಜ್ಯವೇ ದೇವರ ಸೊತ್ತಾದ ಕಾಲದಲ್ಲಿ ಅರಮನೆಯ ನೌಕರನ ಮತಾಂತರ ಬರೀ ಅವನ ಮನೆಯ ವಿಷಯವಾಗಿ ಉಳಿಯುವುದು ಕಷ್ಟವಿತ್ತು.

ಎಕ್ಕದ ಹೂವಿನ ಹಾರ, ಕೋಣದ ಮೇಲೆ ಮೆರವಣಿಗೆ

ಮುಂದಿನ ಸುಮಾರು ಮೂರು ವರ್ಷ ಅವರು ಅನುಭವಿಸಿದ ಹಿಂಸೆಯನ್ನು ಕನ್ಯಾಕುಮಾರಿ ಕಡೆಯ ಜನ ಇಂದಿಗೂ ಹೇಳುತ್ತಾರೆ. ಕೊರಳಿಗೆ ಎಕ್ಕದ ಹೂವಿನ ಹಾರ ಹಾಕಿ, ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರವಣಿಗೆ ಮಾಡಿಸಿದರು. ಹೊಡೆದು, ಗಾಯಗಳಿಗೆ ಮೆಣಸಿನ ಪುಡಿ ಹಚ್ಚಿ ಬಿಸಿಲಿಗೆ ನಿಲ್ಲಿಸಿದರು. ಕುಡಿಯಲು ಕೊಳಕು ನೀರು ಕೊಟ್ಟರು. ಪುಲಿಯೂರ್‌ಕುರಿಚ್ಚಿ ಎಂಬಲ್ಲಿ ಬಾಯಾರಿ ಬಳಲಿದಾಗ ಅವರು ಬಂಡೆಯ ಬಳಿ ಪ್ರಾರ್ಥಿಸಿದರು, ಬಂಡೆಯ ಸಣ್ಣ ರಂಧ್ರದಿಂದ ನೀರು ಒಸರಿತು ಎಂದು ಭಕ್ತರು ನಂಬುತ್ತಾರೆ. ಆ ಜಾಗ ಈಗ ಯಾತ್ರಾಸ್ಥಳ.

ಬಿಡುಗಡೆಗೆ ಒಂದು ದಾರಿ ಇತ್ತು ಎನ್ನುತ್ತದೆ ಚರ್ಚಿನ ಚರಿತ್ರೆ. ಹೊಸ ನಂಬಿಕೆ ಬಿಟ್ಟು ಹಳೆಯದಕ್ಕೆ ಮರಳಿದರೆ ಸಾಕಿತ್ತು. ಮನಸ್ಸಿನಲ್ಲಿ ಏನನ್ನಾದರೂ ಇಟ್ಟುಕೊಂಡು ಬಾಯಲ್ಲಿ ಒಂದು ಮಾತು ಹೇಳಿದ್ದರೂ ಹೆಂಡತಿಯ ಬಳಿಗೆ ಹೋಗಬಹುದಿತ್ತು. ಅವರು ಆ ಮಾತು ಹೇಳಲಿಲ್ಲ.

ಕೊನೆಗೆ ಅವರನ್ನು ರಾಜ್ಯದ ಪೂರ್ವದ ಗಡಿಯಾದ ಆರಳ್ವಾಯ್ಮೊಳಿಗೆ ಸಾಗಿಸಲಾಯಿತು. 1752ರ ಜನವರಿ 14ರಂದು ಅಲ್ಲಿನ ಕಾಟ್ಟಾಡಿಮಲೈ ಗುಡ್ಡದಲ್ಲಿ ಸೈನಿಕರು ಗುಂಡಿಕ್ಕಿ ಕೊಂದರು. 40 ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಕಾಡಿನಲ್ಲಿ ಎಸೆದಿದ್ದ ದೇಹದ ಅವಶೇಷಗಳನ್ನು ಜನ ಹುಡುಕಿ ತಂದು ಕೋಟ್ಟಾರ್‌ನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚರ್ಚಿನ ಬಲಿಪೀಠದ ಮುಂದೆ ಸಮಾಧಿ ಮಾಡಿದರು. ಜ್ಞಾನಪ್ಪೂ ವಡಕ್ಕನ್‌ಕುಳಂನಲ್ಲೇ ಉಳಿದರು.

ಇತಿಹಾಸಕಾರರ ತಕರಾರು

ಈ ಕಥೆಯನ್ನು ಎಲ್ಲರೂ ಹೀಗೆಯೇ ಒಪ್ಪುವುದಿಲ್ಲ. ಮಾರ್ತಾಂಡ ವರ್ಮ ಕ್ರೈಸ್ತ ದ್ವೇಷಿಯಾಗಿರಲಿಲ್ಲ, ಅವರ ಸೇನೆಯ ಮುಖ್ಯಸ್ಥನೇ ಕ್ರೈಸ್ತನಾಗಿದ್ದ, ಹಾಗಾಗಿ ಶಿಕ್ಷೆಗೆ ಮತಾಂತರವಲ್ಲದೆ ಬೇರೆ ಕಾರಣವಿರಬೇಕು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಡಿ ಲನೋಯ್ ಕೊನೆಯವರೆಗೂ ತಮ್ಮ ನಂಬಿಕೆಯಲ್ಲೇ ಇದ್ದು, 1777ರಲ್ಲಿ ತೀರಿಕೊಂಡು ಉದಯಗಿರಿ ಕೋಟೆಯೊಳಗೇ ಮಣ್ಣಾದರು ಎಂಬುದು ನಿಜ.

ಆದರೆ ಡಿ ಲನೋಯ್ ಹೊರದೇಶದವರು, ಹುಟ್ಟಾ ಕ್ರೈಸ್ತರು. ದೇವಸಹಾಯಂ ಅದೇ ಮಣ್ಣಿನ ಮೇಲ್ಜಾತಿಯವರು, ಹುಟ್ಟಿದ ಕಟ್ಟಳೆಯಿಂದ ಹೊರಬಂದವರು. ಚರ್ಚು ತೋರಿಸುವುದು ಈ ವ್ಯತ್ಯಾಸವನ್ನು. ಸಂತ ಪದವಿಯ ಹೊತ್ತಿಗೆ ವ್ಯಾಟಿಕನ್ ಅವರ ಹೆಸರಿನಿಂದ ಜಾತಿ ಸೂಚಿಸುವ ಪಿಳ್ಳೈ ಎಂಬುದನ್ನೂ ಕೈಬಿಟ್ಟಿತು.

ಕೊಚ್ಚಿಯಿಂದ ರೋಮ್‌ವರೆಗೆ

ಆಗ ಕೋಟ್ಟಾರ್ ಕೊಚ್ಚಿ ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಕೊಚ್ಚಿ ನಗರ ಡಚ್ಚರ ಕೈಯಲ್ಲಿದ್ದುದರಿಂದ ಅಲ್ಲಿನ ಕ್ಯಾಥೋಲಿಕ್ ಬಿಷಪರು ತಿರುವನಂತಪುರದ ಉತ್ತರಕ್ಕಿರುವ ಅಂಜುತೆಂಗು, ಕೊಲ್ಲಂ ಕಡೆ ಉಳಿಯುತ್ತಿದ್ದರು. ಬಿಷಪ್ ಕ್ಲೆಮೆಂಟ್ ಜೋಸೆಫ್ ಕೊಲಾಸೊ ಲೈಟಾವೊ ಸುದ್ದಿ ತಿಳಿದು ಚರ್ಚುಗಳಲ್ಲಿ ಕೃತಜ್ಞತಾ ಸ್ತೋತ್ರ ಹಾಡಿಸಿದರು, 1756ರಲ್ಲಿ ರೋಮ್‌ಗೆ ವರದಿ ಕಳಿಸಿದರು. 1780ರಲ್ಲಿ ರೋಮ್‌ಗೆ ಹೋದ ಕೇರಳದ ಕರಿಯಾಟ್ಟಿಲ್ ಔಸೇಪ್ ಅವರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸುವಂತೆ ಮನವಿ ಸಲ್ಲಿಸಿದರು.

ಆ ಮನವಿಗೆ ಫಲ ಸಿಗಲು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 2012ರ ಡಿಸೆಂಬರ್ 2ರಂದು ನಾಗರಕೋಯಿಲ್‌ನಲ್ಲಿ, ಸಂತ ಪದವಿಗೆ ಹಿಂದಿನ ಹಂತವಾದ ಪುನೀತ ಪದವಿ ಘೋಷಣೆಯಾಯಿತು. ಅದಾಗಿ ಹತ್ತು ವರ್ಷಕ್ಕೆ ಸಂತ ಪದವಿ. ನಡುವೆ 2015ರಲ್ಲಿ, ಒಂದು ಕಾಲದಲ್ಲಿ ಮಂಗಳೂರು ಸೀಮೆಯಲ್ಲಿ ಸೇವೆ ಮಾಡಿದ್ದ ಗೋವಾದ ಪಾದ್ರಿ ಜೋಸೆಫ್ ವಾಜ್ ಕೂಡ ಸಂತರಾದರು.

ಯೋಬನಿಗೆ ಸಿಕ್ಕಿದ್ದು, ಇವರಿಗೆ ಸಿಗದ್ದು

ಯೋಬನ ಕಥೆ ಕೇಳಿ ದೇವಸಹಾಯಂ ಆರಿಸಿಕೊಂಡ ಬದುಕು ಯೋಬನ ಕಥೆಯಂತೆ ಮುಗಿಯಲಿಲ್ಲ. ಯೋಬನಿಗೆ ಕೊನೆಯಲ್ಲಿ ಕುರಿ, ಒಂಟೆ, ಮಕ್ಕಳು, ದೀರ್ಘಾಯುಷ್ಯ ಎಲ್ಲವೂ ಬಂತು. ದೇವಸಹಾಯಂ ಅವರಿಗೆ ಕಳೆದುಹೋದ ದನಕರು ಮರಳಲಿಲ್ಲ, ನೌಕರಿ ಮರಳಲಿಲ್ಲ, ಮನೆ ಸೇರುವುದೂ ಆಗಲಿಲ್ಲ. ಅವರ ಹೆಸರಿಗೆ ಮರ್ಯಾದೆ ಸಿಕ್ಕಿದ್ದನ್ನು ನೋಡಲು ಅವರಾಗಲಿ ಜ್ಞಾನಪ್ಪೂ ಆಗಲಿ ಇರಲಿಲ್ಲ.

ದೇವರನ್ನು ನಂಬಿದರೆ ಒಳ್ಳೆಯದಾಗುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಳ್ಳೆಯದಾಗುವ ಸೂಚನೆಯೇ ಇಲ್ಲದಿರುವಾಗ, ದಿನವೂ ಪೆಟ್ಟು ತಿನ್ನುತ್ತಾ, ಸುಮಾರು ಮೂರು ವರ್ಷ ನಂಬುವುದು ಬೇರೆಯೇ ಸಂಗತಿ. ಬೈಬಲ್ಲಿನಲ್ಲಿ ಯೋಬನ ಮೇಲೆ ಸೈತಾನನು ಎತ್ತುವ ಆಕ್ಷೇಪವೂ ಇದೇ: ಲಾಭವಿಲ್ಲದೆ ಯಾರಾದರೂ ದೇವರಿಗೆ ನಿಷ್ಠರಾಗಿರುತ್ತಾರೆಯೇ? ದೇವಸಹಾಯಂ ಅವರ ಬದುಕಿನಲ್ಲಿ ಅದಕ್ಕೆ ಉತ್ತರವಿದೆ.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಡುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಚ್ಚಿಯ ಎರ್ನಾಕುಳಂ, ತಿರುವನಂತಪುರ ದಾಟಿ ಇದೇ ಸೀಮೆಯ ಮೂಲಕ ನಾಗರಕೋಯಿಲ್ ತಲುಪುತ್ತದೆ. ಕೋಟ್ಟಾರ್‌ನ ಚರ್ಚು ಆ ಊರಿನಲ್ಲೇ ಇದೆ. ಅಲ್ಲಿಂದ ತಿರುನೆಲ್ವೇಲಿ ರಸ್ತೆ ಹಿಡಿದರೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಕಣಿವೆ ಸಿಗುತ್ತದೆ. ಅದೇ ಆರಳ್ವಾಯ್ಮೊಳಿ. ಕಾಟ್ಟಾಡಿಮಲೈ ಇರುವುದು ಅಲ್ಲಿಯೇ. ಮುಂದಿನ ಬಾರಿ ಆ ದಾರಿಯಲ್ಲಿ ಹೋದರೆ ಒಮ್ಮೆ ಇಳಿದು ನೋಡಿ ಬನ್ನಿ.